ಗ್ರಾನ್ ಟುರಿಸ್ಮೊ 7: ಓಡಿಸೋಕೆ ಚಿನ್ನ, ರೇಸಿಗೆ ಕಂಚು?

ಹಳೇ_ಪ್ಯಾಡ್

ಪ್ಲೇಸ್ಟೇಷನ್‌ನ ಕಾರ್ ರೇಸ್ ಆಟ ಗ್ರಾನ್ ಟುರಿಸ್ಮೊ 7ರಲ್ಲಿ ಕೆಫೆಯ 39ನೇ ಮೆನು ಮುಗಿಯಿತು. (ಕೆಫೆ ಅಂದರೆ ಒಬ್ಬರೇ ಆಡುವ ಮುಖ್ಯ ಭಾಗ, ಮೆನು ಅಂದರೆ ಅಲ್ಲಿ ಒಂದೊಂದಾಗಿ ಕೊಡುವ ಕೆಲಸದ ಪಟ್ಟಿ.) ಕೊನೆಗೆ ಹೆಸರುಗಳೆಲ್ಲ ಓಡಿ ಹೋಗುವುದನ್ನೂ ಪೂರ್ತಿ ಕೂತು ನೋಡಿದೆ. ತಡವಾಗಿ ಬರೆಯುತ್ತಿದ್ದೇನೆ, ಗೊತ್ತು. ಆಟ ಬಂದಿದ್ದು 2022ರ ಮಾರ್ಚ್ 4ಕ್ಕೆ. ಆದರೆ ಈ ಸರಣಿಯಲ್ಲಿ ನಂಬರ್ ಹಾಕಿಕೊಂಡು ಬಂದ ಆಟಗಳಲ್ಲಿ ಇದೇ ಇತ್ತೀಚಿನದು. ಅದೂ ಅಲ್ಲದೆ, ಅಪ್‌ಡೇಟ್ ಮೇಲೆ ಅಪ್‌ಡೇಟ್ ಬಂದು ಆಟ ಎಷ್ಟು ಬದಲಾಗಿದೆ ಅಂದರೆ, ಮೊದಲ ವಾರ ಬರೆದ ವಿಮರ್ಶೆಗಳು ಈಗ ಅರ್ಧ ಕೆಲಸಕ್ಕೆ ಬರುವುದಿಲ್ಲ.

ಮೊದಲ ಪ್ಲೇಸ್ಟೇಷನ್ ಕಾಲದಿಂದ ಈ ಸರಣಿ ಆಡಿಕೊಂಡು ಬಂದವನು ನಾನು. 4ನೇ ಆಟದಲ್ಲಿ 700ಕ್ಕೂ ಜಾಸ್ತಿ ಕಾರು ನೋಡಿ ಬಾಯಿ ಬಿಟ್ಟವನು. 5ರಲ್ಲಿ ಸಾವಿರ ದಾಟಿತು ಅಂದಾಗ ಕುಣಿದಿದ್ದೆ. ಆಮೇಲೆ ನೋಡಿದರೆ ಅದರಲ್ಲಿ ಸುಮಾರು 800 ಕಾರು 'ಸ್ಟ್ಯಾಂಡರ್ಡ್' ಅನ್ನೋ ಹೆಸರಿನಲ್ಲಿ ಹಳೇ ಪಿಎಸ್2 ಕಾಲದವು! ಒಳಗೆ ಡ್ಯಾಶ್‌ಬೋರ್ಡ್ ಕೂಡ ಸರಿಯಾಗಿರಲಿಲ್ಲ. ಹಾಗಾಗಿ 7ರಲ್ಲಿ 400 ಚಿಲ್ಲರೆ ಕಾರಿನಿಂದ ಶುರು ಮಾಡಿದ್ದು ನನಗೆ ಕಮ್ಮಿ ಅನಿಸಲೇ ಇಲ್ಲ. ಒಂದೊಂದನ್ನೂ ಕೂತು ಮಾಡಿದ್ದಾರೆ. ಬಾಗಿಲಿನ ಅಂಚಿನ ರಬ್ಬರ್ ತನಕ.

ಓಡಿಸುವುದರ ಬಗ್ಗೆ ನನಗೆ ತಕರಾರೇ ಇಲ್ಲ. ಒಂದು ಸಣ್ಣ ವಿಷಯ ಹೇಳುತ್ತೇನೆ. ಪಿಎಸ್5ನ ಡ್ಯುಯಲ್‌ಸೆನ್ಸ್ ಪ್ಯಾಡಿನಲ್ಲಿ ಎಡಗಡೆ ಟ್ರಿಗರ್ ಒತ್ತಿದರೆ ನಿಜವಾದ ಬ್ರೇಕ್ ಪೆಡಲ್ ಥರ ಗಟ್ಟಿಯಾಗುತ್ತದೆ. ಜಾಸ್ತಿ ಒತ್ತಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವುದು) ಕೆಲಸ ಶುರು ಮಾಡಿತು ಅಂದರೆ ಬೆರಳಿನ ಕೆಳಗೆ ನಡುಗುತ್ತದೆ. ಮೊದಲ ದಿನ ಇದು ಸುಮ್ನೆ ಗಿಮಿಕ್ ಅಂದುಕೊಂಡೆ. ಈಗ ಆ ನಡುಕ ಬರುವುದಕ್ಕೆ ಒಂದು ಕೂದಲೆಳೆ ಮುಂಚೆ ಬೆರಳು ತಾನಾಗಿ ಸಡಿಲವಾಗುತ್ತದೆ. ತೆರೆ ನೋಡಿ ಅಲ್ಲ, ಬೆರಳಿನಿಂದಲೇ ಬ್ರೇಕ್ ಕಲಿತೆ.

ನನ್ನ ದೂರು ರೇಸಿನದು. ಕೆಫೆಯ ಬಹಳಷ್ಟು ರೇಸ್‌ಗಳಲ್ಲಿ ಶುರುವಿನಿಂದಲೇ ಎಲ್ಲ ಕಾರೂ ಸಾಲಾಗಿ ಓಡುತ್ತಿರುತ್ತವೆ. ಮೊದಲನೆಯದು ಅರ್ಧ ನಿಮಿಷ ಮುಂದೆ, ನಾವು ಎಲ್ಲರಿಗಿಂತ ಹಿಂದೆ. ಎರಡು ಮೂರು ಲ್ಯಾಪ್‌ನಲ್ಲಿ ಎಲ್ಲರನ್ನೂ ದಾಟಬೇಕು. ಇದಕ್ಕೆ ರೇಸ್ ಅಂತಾರಾ? ಬೆಳಗಿನ ಟ್ರಾಫಿಕ್‌ನಲ್ಲಿ ತಡವಾದವನ ಗಡಿಬಿಡಿ ಇದು. ಪಕ್ಕಪಕ್ಕ ಹೋಗಿ, ತಿರುವಿನಲ್ಲಿ ಯಾರು ಮೊದಲು ಬ್ರೇಕ್ ಹಾಕುತ್ತಾರೆ ಅಂತ ಕಾಯುವ ಕ್ಷಣವೇ ಇಲ್ಲ. 39 ಮೆನುವಿನಲ್ಲಿ ಅಂಥದ್ದು ನನಗೆ ಸಿಕ್ಕಿದ್ದು ನಾಲ್ಕೋ ಐದೋ.

ಕಾರು 10ಕ್ಕೆ 10. ಆಟ 10ಕ್ಕೆ 6. ನೀವೇನಂತೀರಿ?

ಕಂಚಿನ_ಪದಕ

6 ಸ್ವಲ್ಪ ಕಮ್ಮಿಯಾಯ್ತು ಅಲ್ವಾ? ಟ್ರಯಲ್ ಮೌಂಟನ್, ಡೀಪ್ ಫಾರೆಸ್ಟ್, ಹೈ ಸ್ಪೀಡ್ ರಿಂಗ್, ಹಳೇ ಟ್ರ್ಯಾಕ್ ಮೂರೂ ವಾಪಸ್ ಬಂದಿವೆ. ಇದರ ಹಿಂದಿನ ಆಟ ಗ್ರಾನ್ ಟುರಿಸ್ಮೊ ಸ್ಪೋರ್ಟ್‌ನಲ್ಲಿ ಇವು ಇರಲೇ ಇಲ್ಲ. ಅದಕ್ಕೇ ನಾನು ಒಂದು ಮಾರ್ಕ್ ಎಕ್ಸ್ಟ್ರಾ ಕೊಡ್ತೀನಿ. ಟ್ರಯಲ್ ಮೌಂಟನ್‌ನ ಹಿಂದಿನ ನೇರ ರಸ್ತೆಯನ್ನು ಎಳೆದು ಉದ್ದ ಮಾಡಿದ್ದಾರೆ, ಅದು ಬೇಡವಾಗಿತ್ತು. ಆದರೂ ಸುರಂಗದಿಂದ ಹೊರಗೆ ಬರುವಾಗ ಮೈ ಜುಂ ಅಂತು.

ಗಾಲಿ_ನಾಲ್ಕು

ಹಳೇ_ಪ್ಯಾಡ್, ನೀವು ದುಡ್ಡಿನ ಮಾತೇ ಎತ್ತಲಿಲ್ಲ. ನನ್ನ ಪ್ರಕಾರ ಆಟಕ್ಕೆ ಹಿಡಿದ ಗೆದ್ದಲು ಅದೇ.

ನೆನಪು ಮಾಡಿಕೊಳ್ಳಿ. ಆಟ ಬಂದು ಎರಡು ವಾರ ಆಗುವಷ್ಟರಲ್ಲಿ, ಮಾರ್ಚ್ 17ಕ್ಕೆ 1.07 ಅಪ್‌ಡೇಟ್ ಬಂತು. ಅದರ ಹಿಂದೆಯೇ ಸರ್ವರ್ ಕೆಳಗೆ ಬಿತ್ತು. 30 ಗಂಟೆಗಿಂತ ಜಾಸ್ತಿ ಹೊತ್ತು ಆಟ ನಿಂತಿತ್ತು. ಒಬ್ಬರೇ ಆಡುವ ಕೆಫೆ ಮೆನುವಿಗೂ ಇಂಟರ್‌ನೆಟ್ ಬೇಕು ಅನ್ನುವುದು ತುಂಬಾ ಜನರಿಗೆ ಅವತ್ತೇ ಗೊತ್ತಾಗಿದ್ದು. ವಾಪಸ್ ಬಂದಾಗ ನೋಡಿದರೆ ರೇಸ್ ಗೆದ್ದರೆ ಸಿಗುವ ಕ್ರೆಡಿಟ್, ಅಂದರೆ ಆಟದೊಳಗಿನ ದುಡ್ಡು, ಕತ್ತರಿಸಿದ್ದರು. ಎಲ್ಲರೂ ಹಗಲೂ ರಾತ್ರಿ ಓಡಿಸುತ್ತಿದ್ದ ಫಿಶರ್ಮನ್ಸ್ ರ‍್ಯಾಂಚ್ ಮಣ್ಣಿನ ರೇಸ್ ಇತ್ತಲ್ಲ, ಅದರ ಬಹುಮಾನ 65,000ದಿಂದ 30,000ಕ್ಕೆ ಇಳಿಯಿತು. ಇನ್ನೊಂದು ಕಡೆ ಲೆಜೆಂಡ್ ಕಾರುಗಳ ಅಂಗಡಿಯಲ್ಲಿ ಕೋಟಿ ದಾಟಿದ ಕಾರುಗಳು. ಪಕ್ಕದಲ್ಲೇ ನಿಜವಾದ ದುಡ್ಡು ಕೊಟ್ಟು ಕ್ರೆಡಿಟ್ ಕೊಳ್ಳುವ ಬಟನ್! ಎರಡನ್ನೂ ಸೇರಿಸಿ ನೋಡಿದರೆ ಮಕ್ಕಳಿಗೂ ಅರ್ಥ ಆಗುತ್ತದೆ.

ವಿಮರ್ಶೆ, ಅಂಕ ಒಟ್ಟು ಮಾಡುವ ಮೆಟಾಕ್ರಿಟಿಕ್ ಸೈಟ್‌ನಲ್ಲಿ ಆಟಗಾರರು ಕೊಟ್ಟ ಅಂಕ ಪಾತಾಳಕ್ಕೆ ಹೋದ ಮೇಲೆ ಸರಣಿ ಕಟ್ಟಿದ ಯಮೌಚಿ ಕ್ಷಮೆ ಕೇಳಿದರು, 10 ಲಕ್ಷ ಕ್ರೆಡಿಟ್ ಹಂಚಿದರು, ಏಪ್ರಿಲ್‌ನಲ್ಲಿ ಬಹುಮಾನ ಏರಿಸಿದರು. ಸರಿ, ತಿದ್ದಿಕೊಂಡರು. ಆದರೆ ಬೇಡದ ಕಾರು ಮಾರುವ ಸೌಲಭ್ಯ ಬಂದಿದ್ದು 2022 ಮುಗಿಯುವ ಹೊತ್ತಿಗೆ. ಮೊದಲ ಆಟದಲ್ಲೇ ಇದ್ದ ಸೌಲಭ್ಯ ಇದು!

ಇನ್ನು ಆ ರೂಲೆಟ್ ಟಿಕೆಟ್. ದಿನಕ್ಕೆ 42 ಕಿಲೋಮೀಟರ್ ಓಡಿಸಿದರೆ ಒಂದು ಟಿಕೆಟ್. ಚಕ್ರ ತಿರುಗಿ ತಿರುಗಿ, ಕಾರಿನ ಚಿತ್ರದ ಮುಂದೆ ನಿಧಾನ ಆಗಿ, ಪಕ್ಕದ ಅತಿ ಚಿಕ್ಕ ಕ್ರೆಡಿಟ್ ಗುಡ್ಡೆ ಮೇಲೆ ಬಂದು ಕೂರುತ್ತದೆ. ನನ್ನ ಹಣೆಬರಹಕ್ಕೆ ಯಾವಾಗಲೂ ಆ ಗುಡ್ಡೆಯೇ.

ಹಳೇ_ಪ್ಯಾಡ್

ಒಪ್ಪಿದೆ. ನಾನು ಶುರು ಮಾಡಿದ್ದು ತಡವಾಗಿ. ಅದಕ್ಕೇ ಆ ಬಿಸಿ ನನಗೆ ತಟ್ಟಲಿಲ್ಲ. ಈಗ ಟೋಕಿಯೊ 600 ರೇಸ್ ಗೋಡೆಗೆ ತಾಗಿಸದೆ ಮುಗಿಸಿದರೆ 8,25,000 ಕ್ರೆಡಿಟ್. ನಾಲ್ಕು ಸಂಜೆಯಲ್ಲಿ ಒಂದು ಒಳ್ಳೇ ಕಾರು ಬರುತ್ತದೆ. ಆದರೆ ಅದೇ ರಸ್ತೆಯನ್ನು ನಾಲ್ಕು ಸಂಜೆ ಸುತ್ತಬೇಕು ಅನ್ನುವುದೂ ನಿಜ. 11 ಲ್ಯಾಪ್ ಹೂವಿನಂತೆ ಓಡಿಸಿ 12ನೇ ಲ್ಯಾಪ್‌ನಲ್ಲಿ ಕನ್ನಡಿ ಗೋಡೆಗೆ ಸವರಿದರೆ ಕ್ಲೀನ್ ರೇಸ್ ಬೋನಸ್ ಗೋವಿಂದ. ನಿನ್ನೆಯೇ ಆಯ್ತು. ಪ್ಯಾಡ್ ಸೋಫಾ ಮೇಲೆ ಎಸೆದೆ. ಸೋಫಾ ಮೇಲೆ ಎಸೆಯುವಷ್ಟು ಬುದ್ಧಿ ಉಳಿದಿತ್ತು, ಪುಣ್ಯ.

ಮಳೆ_ಟೈರ್

ರೇಸ್ ಇಲ್ಲ ಅನ್ನುವವರು ಮೆನು ಮುಗಿದ ಮೇಲೆ ಎಲ್ಲಿಗೆ ಹೋಗುತ್ತೀರಿ ಅಂತ ಕೇಳಬೇಕು. ಕೆಫೆಯೇ ಆಟ ಅಲ್ಲ. ಅದು ಬರೀ ಪಾಠಶಾಲೆ. ಟ್ರ್ಯಾಕ್ ಆರಿಸಿ ಆಡುವ ವರ್ಲ್ಡ್ ಸರ್ಕ್ಯೂಟ್ಸ್ ಒಳಗೆ ಹೋಗಿ ಲ ಮಾನ್ಸ್‌ನ 30 ನಿಮಿಷದ 700 ಪಿಪಿ (ಪಿಪಿ ಅಂದರೆ ಕಾರಿನ ಸಾಮರ್ಥ್ಯದ ಅಂಕ) ರೇಸ್ ಹಾಕಿ. ಆಮೇಲೆ ಮಾತಾಡೋಣ.

ಕಳೆದ ವಾರದ್ದು ಹೇಳುತ್ತೇನೆ. ಶುರುವಿನಲ್ಲಿ ಬಿಸಿಲು. ತೆರೆಯ ಕೆಳಗಿನ ಚಿಕ್ಕ ಪಟ್ಟಿಯಲ್ಲಿ ಹವಾಮಾನ ರೇಡಾರ್ ಇದೆಯಲ್ಲ, ಅದನ್ನು ನಾನು ತೆಗೆಯುವುದೇ ಇಲ್ಲ. ಮೂರನೇ ಲ್ಯಾಪ್‌ನಲ್ಲಿ ಅಂಚಿನಿಂದ ಒಂದು ಮೋಡ ಹೆಜ್ಜೆ ಇಡುತ್ತಿತ್ತು. ಇಂಧನ ನೋಡಿದೆ. ಇನ್ನೊಂದು ಲ್ಯಾಪ್‌ಗೆ ಸಾಲದು. ಇಂಧನ ಉಳಿಸಲು ಫ್ಯುಯೆಲ್ ಮ್ಯಾಪ್ 1ರಿಂದ 4ಕ್ಕೆ ಇಳಿಸಿದೆ. ಕಾರು ಮಂಕಾಯಿತು, ಇಬ್ಬರು ದಾಟಿಕೊಂಡು ಹೋದರು. ಹೋಗಲಿ ಬಿಡು ಅಂತ ಹಾಗೇ ಎಳೆದೆ. ಲೆಕ್ಕ ಏನು ಅಂದರೆ, ಮಳೆ ಶುರುವಾದ ಮೇಲೆಯೇ ಇಂಧನ, ಟೈರ್ ಹಾಕಿಸುವ ಪಿಟ್‌ಗೆ ಹೋಗಬೇಕು. ಒಂದೇ ಸಲಕ್ಕೆ ಇಂಧನವೂ ಆಗಬೇಕು, ಟೈರೂ ಆಗಬೇಕು.

ಪೋರ್ಷೆ ಕರ್ವ್ಸ್‌ನಲ್ಲಿ ಮೊದಲ ಹನಿ ಗಾಜಿಗೆ ಬಿತ್ತು. ಒಣ ರಸ್ತೆಯ ಸ್ಲಿಕ್ ಟೈರಿನಲ್ಲಿ ಕಾರಿನ ಹಿಂಭಾಗ ಮೀನಿನ ಬಾಲದ ಹಾಗೆ ಆಡುತ್ತಿತ್ತು. ಪಿಟ್‌ಗೆ ಹೋಗಿ ಸಣ್ಣ ಮಳೆಯ ಇಂಟರ್‌ಮೀಡಿಯೆಟ್ ಟೈರ್ ಹಾಕಿಸಿ ಹೊರಗೆ ಬಂದಾಗ ನಾನು 9ನೇಯವನು. ಆಮೇಲೆ ಎದುರಾಳಿಗಳು ಒಬ್ಬೊಬ್ಬರಾಗಿ ಪಿಟ್ ಕಡೆಗೆ ತಿರುಗಿದರು. ಕೊನೆಗೆ ಮಳೆ ನಿಂತ ಮೇಲೆ ಇನ್ನೂ ಚೆನ್ನಾಗಿತ್ತು. ಎಲ್ಲರೂ ಓಡಿಸುವ ದಾರಿ ಮೊದಲು ಒಣಗುತ್ತದೆ, ಅಕ್ಕಪಕ್ಕ ಒದ್ದೆಯೇ ಇರುತ್ತದೆ. ಒಬ್ಬರನ್ನು ದಾಟಬೇಕು ಅಂದರೆ ಒದ್ದೆಗೆ ಇಳಿಯಬೇಕು. ನೇರ ರಸ್ತೆಯಲ್ಲಿ ಮಾತ್ರ ಧೈರ್ಯ ಬಂತು. ತಿರುವಿನಲ್ಲಿ ಬರಲಿಲ್ಲ.

2ನೇ ಸ್ಥಾನ. ಮೊದಲನೆಯದು 4 ಸೆಕೆಂಡ್‌ನಲ್ಲಿ ಹೋಯಿತು. ಇದು ರೇಸ್ ಅಲ್ಲ ಅಂದರೆ ಯಾವುದು ರೇಸ್?

ಗಾಲಿ_ನಾಲ್ಕು

ಚೆನ್ನಾಗಿದೆ. ಆದರೆ ಅಲ್ಲಿಗೆ ಹೋಗುವ ಮುಂಚೆ 39 ಮೆನು ತಿನ್ನಬೇಕಲ್ಲ!

ಕ್ಲಚ್_ಬಿಟ್ಟೆ

ನಾನು ಈ ಸರಣಿ ಒಂದನ್ನೂ ಆಡಿಲ್ಲ. ಇದರಿಂದ ಶುರು ಮಾಡಬಹುದಾ? ಸ್ಟೀರಿಂಗ್ ಚಕ್ರ ಬೇಕೇ ಬೇಕಾ? ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳು ಗಿರ್ರನೆ ತಿರುಗಿ ನಿಲ್ಲುತ್ತವೆ ಅಂತ ಕೇಳಿದ್ದೆ. ಅದಕ್ಕೇ ಭಯ.

ಸ್ಟೀರಿಂಗ್_ಹುಚ್ಚ

ಧಾರಾಳವಾಗಿ ಶುರು ಮಾಡಿ. ನನ್ನ ಹೆಸರು ನೋಡಿ ಹೆದರಬೇಡಿ, ಚಕ್ರ ಬೇಕಿಲ್ಲ. ಪ್ಯಾಡಿನಲ್ಲಿ ನನಗಿಂತ ವೇಗವಾಗಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ.

ಕೆಫೆ ನಿಮ್ಮಂಥವರಿಗೇ ಮಾಡಿದ್ದು. ಮೊದಲ ಮೆನುವಿನಲ್ಲಿ ಟೊಯೊಟಾ ಆಕ್ವಾ, ಹೋಂಡಾ ಫಿಟ್, ಮಾಜ್ಡಾ ಡೆಮಿಯೊ. ಮೂರೂ ದಿನಸಿ ತರುವ ಪುಟಾಣಿ ಕಾರುಗಳು. ಮುಂದಿನ ಚಕ್ರದ ಶಕ್ತಿ, ತಪ್ಪಾದರೂ ಕ್ಷಮಿಸುತ್ತವೆ. ಹಿಂದಿನ ಚಕ್ರದ ಕಾರು ಬಂದಾಗ, ಚಕ್ರ ಸುಮ್ನೆ ಗಿರಗಿರ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ 2 ಅಥವಾ 3ಕ್ಕೆ ಇಟ್ಟುಕೊಳ್ಳಿ. ತಿರುವು ಮುಗಿಯುವ ಮುಂಚೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಅಷ್ಟೇ. ತಿರುಗಿ ನಿಲ್ಲುವುದರಲ್ಲಿ ಮುಕ್ಕಾಲು ಪಾಲು ಕಾರಿನ ತಪ್ಪಲ್ಲ, ನಮ್ಮ ಬಲಗೈ ಬೆರಳಿನದು.

ಆಮೇಲೆ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೆ. ಕ್ರೆಡಿಟ್ ಬಂದ ತಕ್ಷಣ ಟರ್ಬೊ ಕೊಳ್ಳುವುದು. ಬೇಡ. ಮೊದಲು ಟೈರ್ ಕೊಳ್ಳಿ. ಕಂಫರ್ಟ್‌ನಿಂದ ಸ್ಪೋರ್ಟ್ಸ್ ಟೈರಿಗೆ ಹೋದರೆ ಸಿಗುವ ಸಮಯ ಯಾವ ಎಂಜಿನ್ ಪಾರ್ಟ್‌ನಿಂದಲೂ ಅಷ್ಟು ಸುಲಭವಾಗಿ ಸಿಗಲ್ಲ.

ಲೈಸೆನ್ಸ್ ಪರೀಕ್ಷೆ ಮಾತ್ರ ಬಿಡಬೇಡಿ. ನ್ಯಾಷನಲ್ ಬಿ, ನ್ಯಾಷನಲ್ ಎ, ಇಂಟರ್‌ನ್ಯಾಷನಲ್ ಬಿ, ಇಂಟರ್‌ನ್ಯಾಷನಲ್ ಎ, ಸೂಪರ್. ಒಂದೊಂದರಲ್ಲೂ 10 ಪರೀಕ್ಷೆ. ಮೊದಲನೆಯದು ಬರೀ ಹೊರಟು, ಗೆರೆಯೊಳಗೆ ನಿಲ್ಲಿಸುವುದು. ನಗು ಬರುತ್ತದೆ. ಅದರಲ್ಲೇ ಚಿನ್ನ ಬರದೆ 20 ಸಲ ಓಡಿಸಿದ ಮೇಲೆ ನಗು ನಿಲ್ಲುತ್ತದೆ.

ಕಂಚಿನ_ಪದಕ

ನನ್ನ ಹೆಸರಿನ ಹಿಂದಿನ ಕಥೆ ಅದೇ. ಸೂಪರ್ ಲೈಸೆನ್ಸ್‌ನ ಒಂದು ಪರೀಕ್ಷೆಯಲ್ಲಿ ಚಿನ್ನಕ್ಕೆ 0.018 ಸೆಕೆಂಡ್ ಬಾಕಿ. ರಾತ್ರಿ ಎರಡು ಗಂಟೆ ತನಕ ಕೂತೆ. ಬರಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಒಂದು ಸಲ ಓಡಿಸಿದೆ, ಬಂತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಗಾಲಿ_ನಾಲ್ಕು

ಹೆಸರು ಬದಲಾಯಿಸಿ ಹಾಗಾದರೆ.

ಕಂಚಿನ_ಪದಕ

ಮಿಕ್ಕ ಒಂಬತ್ತರಲ್ಲಿ ಇನ್ನೂ ಕಂಚೇ ಇದೆ ಸ್ವಾಮಿ.

ಪಿಟ್_ಗೋಡೆ

ಹಳೇ_ಪ್ಯಾಡ್ ಹೇಳಿದ ತೊಂದರೆಯ ಬೇರು ಎದುರಾಳಿಗಳನ್ನು ಓಡಿಸುವ ಕಂಪ್ಯೂಟರ್‌ನಲ್ಲಿದೆ. ಮಾಮೂಲಿ ಎದುರಾಳಿ ಒಂದು ದಾರಿ ಹಿಡಿದು ಹೋಗುತ್ತದೆ, ಅಷ್ಟೇ. ನಿಮ್ಮ ಜೊತೆ ಸರಿಯಾಗಿ ಹೋರಾಡಲು ಬರದ ಕಾರಿನಿಂದ ಸವಾಲು ಹುಟ್ಟಿಸಬೇಕು ಅಂದರೆ ಒಂದೇ ದಾರಿ: ಅದನ್ನು ಅರ್ಧ ನಿಮಿಷ ಮುಂದೆ ಬಿಡುವುದು. ರೇಸ್ ಪಟ್ಟಿಯಲ್ಲಿ ಮೆಣಸಿನಕಾಯಿ ಚಿತ್ರ ಇರುವವು ಸ್ವಲ್ಪ ಖಾರ. ಆದರೆ ಅಲ್ಲೂ ಅದೇ ಬೆನ್ನಟ್ಟುವ ಆಟ.

ಬೇಸರ ಯಾಕೆ ಅಂದರೆ, ಔಷಧಿ ಅವರ ಕೈಯಲ್ಲೇ ಇದೆ. ಕಾರು ಓಡಿಸುವ ಎಐ ಸೋಫಿ ಬಗ್ಗೆ ಓದಿರಬಹುದು. ಸೋನಿ ಎಐ ಮತ್ತು ಈ ಆಟ ಮಾಡುವ ಪಾಲಿಫೋನಿ ಸೇರಿ ಮಾಡಿದ್ದು. ಹೀಗೆ ಓಡಿಸು ಅಂತ ಯಾರೂ ಬರೆದುಕೊಟ್ಟಿಲ್ಲ. ಲಕ್ಷಾಂತರ ಸಲ ತಾನೇ ಓಡಿಸಿ, ಮುಂದೆ ಹೋದರೆ ಅಂಕ, ಡಿಕ್ಕಿ ಹೊಡೆದರೆ ದಂಡ, ಹಾಗೆ ಕಲಿತಿದ್ದು. 2021ರ ಜುಲೈನಲ್ಲಿ ಜಗತ್ತಿನ ಅತಿ ಒಳ್ಳೇ ಆಟಗಾರರ ಎದುರು ತಂಡದ ಪಂದ್ಯದಲ್ಲಿ ಸೋತಿತು. ಅಕ್ಟೋಬರ್‌ನಲ್ಲಿ ಅವರನ್ನೇ ಸೋಲಿಸಿತು. 2022ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯ ಮುಖಪುಟಕ್ಕೇ ಬಂತು. ದಂಡ ಕಮ್ಮಿ ಇಟ್ಟಾಗ ಅಡ್ಡಾದಿಡ್ಡಿ ನುಗ್ಗುತ್ತಿತ್ತಂತೆ, ಜಾಸ್ತಿ ಇಟ್ಟಾಗ ಅಂಜುಬುರುಕ ಆಗುತ್ತಿತ್ತಂತೆ. ಆ ಹದ ಹುಡುಕುವುದೇ ದೊಡ್ಡ ಕೆಲಸ ಆಗಿತ್ತು.

ಅಂಥದ್ದನ್ನು ಇಟ್ಟುಕೊಂಡು ಏನು ಮಾಡಿದರು? 2023ರ ನವೆಂಬರ್‌ನ ಸ್ಪೆಕ್ 2 ಅಪ್‌ಡೇಟ್‌ನಲ್ಲಿ ಕೊಟ್ಟರು. ಪಿಎಸ್5ಗೆ ಮಾತ್ರ, 9 ಟ್ರ್ಯಾಕ್‌ಗೆ ಮಾತ್ರ, ಅದೂ ಕ್ವಿಕ್ ರೇಸ್‌ನಲ್ಲಿ. ಕೆಫೆಯ ಮೆನುವಿಗೆ ಬರಲಿಲ್ಲ. ಅಡುಗೆ ಮನೆಯಲ್ಲಿ ಹಬ್ಬದೂಟ, ಬಂದವರಿಗೆ ತಂಗಳು.

ಸೋಫಿ ಜೊತೆ ಓಡಿಸಿದವರಿಗೆ ಗೊತ್ತು. ಒಳಗಡೆ ಮೂಗು ತೂರಿಸಿದರೆ ಜಾಗ ಬಿಡುತ್ತದೆ. ಬಿಟ್ಟು, ಮುಂದಿನ ತಿರುವಿನಲ್ಲಿ ಬಡ್ಡಿ ಸಮೇತ ವಾಪಸ್ ತೆಗೆದುಕೊಳ್ಳುತ್ತದೆ. ಬೈಯುವುದಕ್ಕೂ ಆಗಲ್ಲ, ನಗು ಬರುತ್ತದೆ.

ಮಳೆ_ಟೈರ್

ಆನ್‌ಲೈನ್ ಸ್ಪೋರ್ಟ್ ಮೋಡ್ ಬಗ್ಗೆ ಯಾರೂ ಹೇಳಲಿಲ್ಲ. ಮನುಷ್ಯರ ಜೊತೆ ರೇಸ್ ಬೇಕಾದವರಿಗೆ ಅದೇ ಜಾಗ. ವೇಗಕ್ಕೆ ಡಿಆರ್, ಸಭ್ಯತೆಗೆ ಎಸ್ಆರ್ ಅಂತ ಎರಡು ದರ್ಜೆ. ಗುದ್ದಿದರೆ ಎಸ್ಆರ್ ಇಳಿಯುತ್ತದೆ. ಕಷ್ಟ ಏನಪ್ಪಾ ಅಂದರೆ, ಗುದ್ದಿಸಿಕೊಂಡವನದೂ ಒಮ್ಮೊಮ್ಮೆ ಇಳಿಯುತ್ತದೆ. ಆದರೂ ಎಸ್ಆರ್ ಅತಿ ಮೇಲಿನ 'ಎಸ್' ದರ್ಜೆಗೆ ಬಂದ ಮೇಲೆ ರೇಸ್ ಎಷ್ಟೋ ಶಾಂತ.

ಸ್ಟೀರಿಂಗ್_ಹುಚ್ಚ

ವಿಆರ್ ಕೂಡ. 2023ರ ಫೆಬ್ರವರಿಯಲ್ಲಿ ತಲೆಗೆ ಹಾಕಿಕೊಳ್ಳುವ ಪಿಎಸ್ ವಿಆರ್2 ಬಂದಾಗ ಈ ಆಟಕ್ಕೆ ಉಚಿತ ಅಪ್‌ಡೇಟ್ ಕೊಟ್ಟರು. ತೆರೆ ಇಬ್ಭಾಗ ಮಾಡಿ ಇಬ್ಬರು ಆಡುವುದೊಂದು ಬಿಟ್ಟು ಮಿಕ್ಕ ಎಲ್ಲ ರೇಸ್ ಅದರಲ್ಲಿ ಆಡಬಹುದು. 20.8 ಕಿಲೋಮೀಟರ್‌ನ ನೂರ್ಬರ್ಗ್‌ರಿಂಗ್ ಅಷ್ಟೊಂದು ಏರಿಳಿತದ್ದು ಅಂತ ನನಗೆ ಗೊತ್ತಾಗಿದ್ದು ಆಗಲೇ. ಇಷ್ಟು ವರ್ಷ ಟಿವಿಯಲ್ಲಿ ಸಪಾಟಾಗಿ ಕಂಡಿತ್ತು. ಮೊದಲ ದಿನ ಒಂದೂವರೆ ಲ್ಯಾಪ್‌ಗೆ ತಲೆ ಸುತ್ತು ಬಂತು, ಅದು ಬೇರೆ.

ಪಿಟ್_ಗೋಡೆ

ಹಳೇ_ಪ್ಯಾಡ್, ಅಂಕ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಕಸ್ಟಮ್ ರೇಸ್‌ಗೆ ಹೋಗಿ. ಓಡುತ್ತಲೇ ಶುರುವಾಗುವ ರೋಲಿಂಗ್ ಬಿಟ್ಟು, ನಿಂತಲ್ಲಿಂದ ಹೊರಡುವ ಗ್ರಿಡ್ ಸ್ಟಾರ್ಟ್ ಇಡಿ. ಎದುರಾಳಿಗಳನ್ನು ನಿಮ್ಮ ಗ್ಯಾರೇಜಿನ ಕಾರುಗಳಿಂದಲೇ ಆರಿಸಬಹುದು. ಎಲ್ಲ ಕಾರಿನ ಪಿಪಿ ಹತ್ತಿರ ಹತ್ತಿರ ಇರಲಿ. ನಿಮ್ಮದು ಸ್ವಲ್ಪ ಕಮ್ಮಿಯೇ ಇರಲಿ. ಆಡಿ ನೋಡಿ ಹೇಳಿ.

ಹಳೇ_ಪ್ಯಾಡ್

ಆಡಿದೆ. ಬರೆಯಲು ಮೂರು ದಿನ ಆಯ್ತು, ಯಾಕೆ ಅಂದರೆ ಮೂರು ದಿನವೂ ಅದನ್ನೇ ಆಡುತ್ತಿದ್ದೆ.

ಟ್ರಯಲ್ ಮೌಂಟನ್, 5 ಲ್ಯಾಪ್. ನಾನು ಡೆಮಿಯೊ, ಏನೂ ಹಾಕಿಸಿಲ್ಲ. ಎದುರಿಗೆ ಫಿಟ್, ಆಕ್ವಾ, ಇನ್ನೆರಡು ಅದೇ ಗಾತ್ರದವು. ಗ್ರಿಡ್‌ನಲ್ಲಿ ಕೊನೆಯ ಜಾಗ. ಗೇರ್ ಬದಲಿಸುವಾಗ ಚಹಾ ಕುಡಿದು ಬರುವಷ್ಟು ನಿಧಾನದ ಕಾರು. ಆದರೆ ಎರಡನೇ ಲ್ಯಾಪ್‌ನ ಸುರಂಗದಲ್ಲಿ ಫಿಟ್ ಪಕ್ಕಕ್ಕೆ ಬಂದೆ. ಇಬ್ಬರದೂ ಪೂರ್ತಿ ವೇಗ. ಯಾರೂ ಮುಂದೆ ಹೋಗುತ್ತಿಲ್ಲ, ಹಿಂದೆಯೂ ಬೀಳುತ್ತಿಲ್ಲ. ಮುಂದಿನ ತಿರುವಿಗೆ ಅದು ಬ್ರೇಕ್ ಹಾಕುವ ತನಕ ನಾನು ಹಾಕಲ್ಲ ಅಂತ ಕೂತೆ. ಹಾಕಿತು. ಬೆರಳಿನ ಕೆಳಗೆ ಆ ನಡುಕ ಬಂತು, ಹುಲ್ಲಿಗೆ ಎರಡು ಚಕ್ರ ಹೋದವು, ಆದರೂ ಮುಂದೆ ಇದ್ದೆ. ಗಂಟೆಗೆ 100ರ ಆಸುಪಾಸಿನ ಆ ತಿರುವಿಗೆ ಎದೆ ಡವಡವ. ಇಡೀ ಕೆಫೆಯಲ್ಲಿ ಫೆರಾರಿ ಓಡಿಸುವಾಗಲೂ ಹೀಗಾಗಿರಲಿಲ್ಲ.

ಅವರೇ ಯಾಕೆ ಹೀಗೆ ಜೋಡಿಸಿ ಕೊಡಲಿಲ್ಲ ಅನ್ನುವ ಸಿಟ್ಟು ಹಾಗೇ ಇದೆ. ರೇಸನ್ನು ನಾನೇ ಕಟ್ಟಿಕೊಳ್ಳಬೇಕಾದರೆ ಅವರ 39 ಮೆನು ಯಾಕೆ? ಗಾಲಿ_ನಾಲ್ಕು, ನಿಮ್ಮ ಮಾತೂ ನಿಜ. ಇಷ್ಟೆಲ್ಲ ಆದ ಮೇಲೆ ಸಿಕ್ಕ ಕ್ರೆಡಿಟ್ ನೋಡಿದರೆ ನಗು ಬರುತ್ತದೆ, ಒಂದು ಸೆಟ್ ಟೈರಿಗೂ ಸಾಲದು. 6 ಅನ್ನು 7 ಮಾಡುತ್ತೇನೆ. ಆ ಒಂದು ಅಂಕ ಪಿಟ್_ಗೋಡೆಗೆ, ಆಟಕ್ಕಲ್ಲ.

ಗಾಲಿ_ನಾಲ್ಕು

ನಂದು 5ರಲ್ಲೇ ಇದೆ. ಟಿಕೆಟ್‌ನಲ್ಲಿ ಕಾರು ಬಂದ ದಿನ ನೋಡೋಣ.

ಕ್ಲಚ್_ಬಿಟ್ಟೆ

ಇವತ್ತು ಶುರು ಮಾಡಿದೆ. ಡೆಮಿಯೊನೇ ತಗೊಂಡೆ. ಮೊದಲ ಲೈಸೆನ್ಸ್ ಪರೀಕ್ಷೆ, ಗೆರೆ ದಾಟಿ ಮುಂದೆ ಹೋಗಿ ನಿಂತೆ. ಏಳು ಸಲ.

ಕಂಚಿನ_ಪದಕ

ಗೆರೆ ನೋಡಬೇಡಿ. ಪಕ್ಕದಲ್ಲಿ ದೂರ ತೋರಿಸುವ ಬೋರ್ಡ್ ಇರುತ್ತೆ, ಅದರಲ್ಲಿ ಒಂದನ್ನು ಗುರುತು ಮಾಡಿಕೊಂಡು ಪೂರ್ತಿ ಬ್ರೇಕ್ ಒತ್ತಿ. ಹೆಚ್ಚಾದರೆ ಮುಂದಿನ ಸಲ ಒಂದು ಕಾರಿನಷ್ಟು ಮೊದಲೇ ಒತ್ತಿ. ಎಂಟನೇ ಸಲಕ್ಕೆ ಕಂಚು ಬರುತ್ತೆ.